ಹಣ್ಣಿನ ಹುಳಿ ಬಿಯರ್: ಸಿಹಿ ಹೋದ ಮೇಲೆ ಉಳಿಯುವ ರುಚಿಯನ್ನು ಹಿಡಿಯುವ ಬಗೆ

ಮಾವಿನ ಹಣ್ಣು ಹಾಕಿದ ಬಿಯರ್ ಅಂದ ಕೂಡಲೇ ನಾಲಿಗೆ ರಸಾಯನಕ್ಕೆ ಸಿದ್ಧವಾಗಿಬಿಡುತ್ತದೆ, ಅದರಲ್ಲೂ ಶ್ರೀನಿವಾಸಪುರದ ಸುತ್ತಮುತ್ತ ಹುಟ್ಟಿ ಬೆಳೆದವರ ನಾಲಿಗೆ. ಗ್ಲಾಸಿನಿಂದ ಬಾಯಿಗೆ ಬರುವುದೇ ಬೇರೆ. ತೆಳ್ಳಗಿರುತ್ತದೆ, ಚುರುಕು ಹುಳಿ ಇರುತ್ತದೆ, ತೊಟ್ಟು ಮುರಿದಾಗ ಬರುವ ಸೊನೆಯ ಘಮ ಮೂಗಿಗೆ ಹತ್ತುತ್ತದೆ, ಸಿಹಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಮೊದಲ ಸಲ ಕುಡಿದವರು "ಇದರಲ್ಲಿ ಹಣ್ಣೆಲ್ಲಿದೆ?" ಎಂದು ಕೇಳುವುದು ಇದಕ್ಕೇ. ಹಣ್ಣು ಇದೆ. ಅದರ ಸಕ್ಕರೆಯನ್ನು ಈಸ್ಟ್ ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಮಾಡಿದೆ. ಉಳಿದಿರುವುದು ವಾಸನೆ, ಹುಳಿ, ಸಿಪ್ಪೆಯ ಒಗರು. ಓಟೆಯನ್ನು ಚೀಪಿ ಚೀಪಿ ಸಿಹಿಯೆಲ್ಲ ಮುಗಿದ ಮೇಲೂ ನಾರಿನಲ್ಲಿ ಒಂದು ರುಚಿ ನಿಂತಿರುತ್ತದಲ್ಲ, ಹಣ್ಣಿನ ಹುಳಿ ಬಿಯರಿನಲ್ಲಿ ಹುಡುಕಬೇಕಾದದ್ದು ಅದನ್ನು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯವರಿಗೆ ಇದು ಕಷ್ಟದ ಕಲಿಕೆಯಲ್ಲ. ಹುಣಸೆಹಣ್ಣು, ಮಾವಿನಕಾಯಿ, ನಿಂಬೆ, ಹುಳಿ ಮಜ್ಜಿಗೆ, ರಾತ್ರಿ ಮಾಡಿಟ್ಟು ಬೆಳಗ್ಗೆ ಕುಡಿಯುವ ರಾಗಿ ಅಂಬಲಿ: ಇಷ್ಟು ಬಗೆಯ ಹುಳಿಯನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲ ನಾಲಿಗೆ ನಿಮಗೆ ಈಗಾಗಲೇ ಇದೆ. ವಿದೇಶಿ ಪುಸ್ತಕಗಳಲ್ಲಿ ಬರುವ ರಾಸ್ಪ್‌ಬೆರಿ, ರುಬಾರ್ಬ್ ಪದಗಳನ್ನು ಸಾಲ ತರುವ ಅಗತ್ಯವಿಲ್ಲ. ಈ ಲೇಖನ 21 ವರ್ಷ ತುಂಬಿದವರಿಗೆ ಮಾತ್ರ. ಗರ್ಭಿಣಿಯರು, ಹೊಟ್ಟೆಯ ಆಸಿಡ್ ಗಂಟಲಿಗೆ ಬರುವ ತೊಂದರೆ ಇರುವವರು ಇದರಿಂದ ದೂರ ಇರಬೇಕು.

ಹುಳಿ ಎಲ್ಲಿಂದ ಬರುತ್ತದೆ

ಇಡ್ಲಿ ಹಿಟ್ಟು ರಾತ್ರಿಯಲ್ಲಿ ಹುಳಿ ಬರುವುದು ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾದಿಂದ. ಇಂದು ಮೈಕ್ರೋಬ್ರೂವರಿಗಳಲ್ಲಿ ಸಿಗುವ ಬಹುಪಾಲು ಹುಳಿ ಬಿಯರ್ ಅದೇ ದಾರಿಯಲ್ಲಿ ತಯಾರಾಗುತ್ತದೆ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತು ಗೋಧಿಯಿಂದ ತೆಗೆದ ಸಿಹಿ ರಸವನ್ನು ಕಾಯಿಸಿ, 35ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಲ್ಯಾಕ್ಟೋಬ್ಯಾಸಿಲಸ್ ಹಾಕಿ ಒಂದೆರಡು ದಿನ ಬಿಡುತ್ತಾರೆ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.2ರಿಂದ 3.5ರ ಹತ್ತಿರ ಬಂದಾಗ ಮತ್ತೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ಆಮೇಲೆ ಈಸ್ಟ್, ಅದರ ಕೆಲಸ ಬಹುಪಾಲು ಮುಗಿದ ಮೇಲೆ ಹಣ್ಣಿನ ತಿರುಳು. ಇದಕ್ಕೆ ಕೆಟಲ್ ಸವರ್ ಎಂದು ಹೆಸರು. ಮಾಮೂಲಿ ಲಾಗರ್ ಬಿಯರಿನ ಪಿಎಚ್ 4ಕ್ಕಿಂತ ಮೇಲಿರುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಇಳಿಯಿತೆಂದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರಿತು ಎಂದು ಲೆಕ್ಕ, ಹಾಗಾಗಿ ಈ ಸಣ್ಣ ಅಂತರವೇ ಬಾಯಲ್ಲಿ ದೊಡ್ಡದಾಗುತ್ತದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಈ ಬ್ಯಾಕ್ಟೀರಿಯಾವನ್ನು ತಡೆಯುವುದರಿಂದ ಅದನ್ನು ಬಹಳ ಕಡಿಮೆ ಹಾಕುತ್ತಾರೆ. ಹುಳಿ ಬಿಯರಿನಲ್ಲಿ ಕಹಿ ಹುಡುಕಬೇಡಿ.

ಹಳೆಯ ದಾರಿಯೂ ಒಂದಿದೆ. ಬ್ರಸೆಲ್ಸ್ ಸುತ್ತ ತಯಾರಾಗುವ ಲ್ಯಾಂಬಿಕ್‌ಗೆ ಯಾರೂ ಈಸ್ಟ್ ಹಾಕುವುದಿಲ್ಲ. ಕುದಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಆರಲು ಬಿಟ್ಟು, ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ಸೇರಿಕೊಂಡ ಮೇಲೆ ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಇಡುತ್ತಾರೆ. ಹುಳಿ ಚೆರಿ ಹಾಕಿದರೆ ಅದು ಕ್ರೀಕ್. 1900ರಲ್ಲಿ ಶುರುವಾದ ಕಾಂಟಿಯೋನ್ ಬ್ರೂವರಿ ಇಂದಿಗೂ ಬ್ರಸೆಲ್ಸ್ ನಗರದೊಳಗೇ ಇದನ್ನು ಮಾಡುತ್ತಿದೆ. ಜರ್ಮನಿಯಲ್ಲಿ ಎರಡು ಬಗೆ: ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುವ ಗೋಸೆ, ಮದ್ಯಸಾರ ತೀರಾ ಕಡಿಮೆ ಇರುವ ಬರ್ಲಿನರ್ ವೈಸೆ. ಲೇಬಲ್ ಮೇಲೆ ಗೋಸೆ ಎಂದಿದ್ದರೆ ಉಪ್ಪಿನ ರುಚಿ ತಪ್ಪಲ್ಲ, ಅದು ಇರಲೇಬೇಕು.

ಮೊದಲು ನಾಲ್ಕು ಲೋಟ

ಬಿಯರ್ ತೆರೆಯುವ ಹಿಂದಿನ ದಿನ ಈ ಅಭ್ಯಾಸ ಮಾಡಿ. ಅರ್ಧ ಗಂಟೆ ಸಾಕು, ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಇರುತ್ತದೆ. ನಾಲ್ಕು ಲೋಟಗಳಲ್ಲಿ, ಪ್ರತಿಯೊಂದರಲ್ಲೂ ಒಟ್ಟು 200 ಮಿಲಿ ಬರುವಂತೆ:

ಒಂದರಲ್ಲಿ ನೀರಿಗೆ 10 ಮಿಲಿ ನಿಂಬೆರಸ. ಇನ್ನೊಂದರಲ್ಲಿ ಬೀಜ, ನಾರು ತೆಗೆದ 5 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿದ ನೀರು. ಮೂರನೆಯದರಲ್ಲಿ ಹುಳಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ಇಳಿಯುವ ತಿಳಿನೀರು 100 ಮಿಲಿ, ಮಿಕ್ಕಿದ್ದು ಕುಡಿಯುವ ನೀರು. ನಾಲ್ಕನೆಯದರಲ್ಲಿ ಅಡುಗೆಯ ವಿನೆಗರ್ 10 ಮಿಲಿ, ಉಳಿದದ್ದು ನೀರು. ಸಕ್ಕರೆ, ಉಪ್ಪು ಯಾವುದಕ್ಕೂ ಬೇಡ. ಫ್ರಿಜ್ಜಿನಲ್ಲಿ ತಣ್ಣಗಾಗಿಸಿ.

ಕುಡಿಯುವ ಮೊದಲು ನಾಲ್ಕನ್ನೂ ಮೂಸಿ. ನಿಂಬೆಯಲ್ಲಿ ನಿಂಬೆಯ ಘಮ, ಹುಣಸೆಯಲ್ಲಿ ಹುಣಸೆಯ ಘಮ, ಮೊಸರಿನ ನೀರಿನಲ್ಲಿ ಹಾಲಿನ ಘಮ ಬರುತ್ತದೆ. ಆದರೆ ಹುಳಿಯೇ ಮೂಗಿಗೆ ಚುಚ್ಚುವುದು ವಿನೆಗರಿನಲ್ಲಿ ಮಾತ್ರ. ಸಿಟ್ರಿಕ್, ಟಾರ್ಟಾರಿಕ್, ಲ್ಯಾಕ್ಟಿಕ್ ಆಮ್ಲಗಳು ಗಾಳಿಗೆ ಏಳುವುದಿಲ್ಲ, ಅವಕ್ಕೆ ವಾಸನೆಯಿಲ್ಲ. ವಿನೆಗರಿನ ಅಸಿಟಿಕ್ ಆಮ್ಲ ಆವಿಯಾಗಿ ಏಳುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ: ಬಿಯರ್ ಗ್ಲಾಸನ್ನು ಮೂಸಿದಾಗಲೇ ಹುಳಿ ಮೂಗಿಗೆ ಚುಚ್ಚಿದರೆ ಅಲ್ಲಿ ಅಸಿಟಿಕ್ ಇದೆ.

ಈಗ ಒಂದೊಂದೇ ಗುಟುಕು. ನಡುವೆ ಬಿಳಿ ಅನ್ನದ ಒಂದು ತುತ್ತು ಇಲ್ಲವೇ ಬ್ರೆಡ್ ಚೂರು, ಮೇಲೆ ನೀರು. ನಿಂಬೆ ಥಟ್ಟನೆ ಹೊಳೆದು ಬೇಗ ಇಳಿಯುತ್ತದೆ. ಹುಣಸೆ ಗಡಸು, ಹಲ್ಲು ಚುಳ್ಳೆನ್ನಿಸುತ್ತದೆ. ಮೊಸರಿನ ನೀರಿನ ಹುಳಿ ಮೆತ್ತಗೆ ಬಂದು ಬಾಯಿ ತುಂಬ ಹರಡಿ ತುಸು ಹೊತ್ತು ನಿಲ್ಲುತ್ತದೆ. ವಿನೆಗರ್ ಗಂಟಲನ್ನು ಕೆರೆಯುತ್ತದೆ. ಒಳ್ಳೆಯ ಕೆಟಲ್ ಸವರ್‌ನ ತಳದಲ್ಲಿ ಮೂರನೆಯ ಲೋಟ ಇರುತ್ತದೆ, ಅದರ ಮೇಲೆ ಹಣ್ಣಿನ ಹುಳಿ ಕೂತಿರುತ್ತದೆ. ಮಾವು, ಸೀಬೆಯಾದರೆ ಅದು ನಿಂಬೆಯ ಕಡೆಗೆ, ದ್ರಾಕ್ಷಿಯಾದರೆ ಹುಣಸೆಯ ಕಡೆಗೆ ವಾಲುತ್ತದೆ. ಹುಣಸೆಯಲ್ಲಿಯೂ ದ್ರಾಕ್ಷಿಯಲ್ಲಿಯೂ ಇರುವುದು ಟಾರ್ಟಾರಿಕ್ ಆಮ್ಲವೇ.

ತರುವುದು, ಇಡುವುದು

ಹಣ್ಣಿನ ತಿರುಳು ಹೆಚ್ಚಿರುವ ಕ್ಯಾನಿನಲ್ಲಿ ಸಕ್ಕರೆ ಸ್ವಲ್ಪ ಉಳಿದಿದ್ದರೆ ಅದು ಬೆಚ್ಚಗಾದಾಗ ಮತ್ತೆ ಹುದುಗುತ್ತದೆ. ಏಪ್ರಿಲ್, ಮೇನಲ್ಲಿ ಬೆಂಗಳೂರಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರಕ್ಕೋ, 48ರಲ್ಲಿ ತುಮಕೂರಿಗೋ, 44ರಲ್ಲಿ ಚಿಕ್ಕಬಳ್ಳಾಪುರಕ್ಕೋ ಬರುವಾಗ ಡಿಕ್ಕಿಯಲ್ಲಿ ಬಿಟ್ಟ ಕ್ಯಾನ್ ಒಲೆಯ ಪಕ್ಕ ಇಟ್ಟಂತೆಯೇ. ಐಸ್ ಬಾಕ್ಸ್ ಬಳಸಿ, ಕ್ಯಾನುಗಳನ್ನು ನೇರ ನಿಲ್ಲಿಸಿ, ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಫ್ರೀಜರ್ ಬೇಡ, ಕ್ಯಾನ್ ಒಡೆಯುತ್ತದೆ. ಮೇಲೆ ಕೆಳಗೆ ಉಬ್ಬಿದ ಕ್ಯಾನನ್ನು ಅಂಗಡಿಯಲ್ಲೇ ಬಿಡಿ. ಮನೆಯಲ್ಲಿಟ್ಟದ್ದು ಉಬ್ಬಿದ್ದರೆ ಬಟ್ಟೆ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮುಖ ದೂರವಿಟ್ಟು ಸಿಂಕಿನೊಳಗೆ ತೆರೆದು ಚೆಲ್ಲಿ.

ತಯಾರಾದ ತಾರೀಖು ನೋಡಿ. ಕೆಟಲ್ ಸವರ್ ಹೊಸದಿದ್ದಷ್ಟೂ ಒಳ್ಳೆಯದು, ಹಣ್ಣಿನ ಘಮವೇ ಮೊದಲು ಹೋಗುವುದು. ಪೀಪಾಯಿಯಲ್ಲಿ ಮಾಗಿದ ಲ್ಯಾಂಬಿಕ್ ಮಾತ್ರ ಕತ್ತಲಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಲೇಬಲ್ಲಿನಲ್ಲಿ ಲ್ಯಾಕ್ಟೋಸ್ ಎಂದಿದ್ದರೆ ಅದು ಈಸ್ಟ್ ತಿನ್ನಲಾಗದ ಹಾಲಿನ ಸಕ್ಕರೆ, ಸಿಹಿಗಾಗಿ ಹಾಕಿರುತ್ತಾರೆ. ಹಾಲು ಒಗ್ಗದವರು ಅದನ್ನು ತೆಗೆದುಕೊಳ್ಳಬಾರದು.

ಮೈಕ್ರೋಬ್ರೂವರಿಗೇ ಹೋಗಿ ಕುಡಿಯುವುದಾದರೆ ವಾಪಸ್ ಬರಲು ಬೇರೆ ಚಾಲಕರಿರಲಿ. 100 ಮಿಲಿ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದ್ದು ಗಾಡಿ ಓಡಿಸಿದರೆ ಕಾನೂನಿಗೆ ಸಿಕ್ಕಿಬೀಳುತ್ತೀರಿ. ಹುಳಿ ಬಿಯರ್ ಹಣ್ಣಿನ ರಸದಂತೆ ಸರಾಗ ಇಳಿಯುವುದರಿಂದ ಎಷ್ಟು ಕುಡಿದೆವೆಂಬುದು ಗೊತ್ತಾಗುವುದಿಲ್ಲ.

ಗ್ಲಾಸು, ಶಾಖ, ಸುರಿಯುವುದು

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸು ಬೇಕು. ಟ್ಯುಲಿಪ್ ಗ್ಲಾಸ್ ಇಲ್ಲದಿದ್ದರೆ ವೈನ್ ಗ್ಲಾಸ್ ಸಾಕು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಬಾಯಿ ಅಗಲವಾದ್ದರಿಂದ ಘಮವೂ ನಿಲ್ಲುವುದಿಲ್ಲ. ತೊಳೆದ ಗ್ಲಾಸಿನೊಳಗೆ ನೀರು ಸುರಿದು ಬಗ್ಗಿಸಿ ನೋಡಿ: ನೀರು ಹಾಳೆಯಂತೆ ಒಂದೇ ಸಮ ಜಾರಿದರೆ ಶುದ್ಧ, ಹನಿಹನಿಯಾಗಿ ಅಂಟಿದರೆ ಇನ್ನೂ ಜಿಡ್ಡಿದೆ. ಒರೆಸುವ ಬಟ್ಟೆಯ ವಾಸನೆ ಗ್ಲಾಸಿಗೆ ಹತ್ತುತ್ತದೆ, ಬೋರಲು ಹಾಕಿ ತಾನಾಗಿ ಒಣಗಲು ಬಿಡಿ.

ಕೆಟಲ್ ಸವರ್‌ಗೆ 5ರಿಂದ 8 ಡಿಗ್ರಿ, ಲ್ಯಾಂಬಿಕ್‌ಗೆ 8ರಿಂದ 12. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟರೆ ಹೆಚ್ಚುಕಡಿಮೆ ಸರಿಯಾಗುತ್ತದೆ, ಬೇಸಿಗೆಯಲ್ಲಿ ಐದು ನಿಮಿಷ. ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ, ಬರೀ ಹುಳಿಯೇ ಮುಂದೆ ಬರುತ್ತದೆ. "ಹುಳಿ ಜಾಸ್ತಿಯಾಯಿತು" ಎಂಬ ದೂರು ಎಷ್ಟೋ ಸಲ ಈ ಚಳಿಯ ದೂರೇ. ಗ್ಲಾಸಿಗೆ ಐಸ್ ಹಾಕಬೇಡಿ, ನೀರಾಗುತ್ತದೆ.

ತಿರುಳಿರುವ ಕ್ಯಾನನ್ನು ಕುಲುಕಬೇಡಿ. ತೆರೆಯುವ ಮೊದಲು ಒಂದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಹತ್ತು ಎಣಿಸಿ, ನೇರ ಮಾಡಿ ಎರಡು ನಿಮಿಷ ಬಿಡಿ. ಗ್ಲಾಸನ್ನು ವಾಲಿಸಿ 150 ಮಿಲಿಯಷ್ಟು ಮಾತ್ರ ಸುರಿಯಿರಿ, ಕೊನೆಯ ಎರಡಂಗುಲಕ್ಕೆ ಗ್ಲಾಸನ್ನು ನೇರ ಮಾಡಿ. ನೊರೆ ಚುರ್ರೆಂದು ಎದ್ದು ಕ್ಷಣದಲ್ಲಿ ಸೋಡಾದಂತೆ ಇಳಿದುಹೋದರೆ ಗಾಬರಿ ಬೇಡ. ಹುಳಿ ಹೆಚ್ಚಿರುವ ಬಿಯರಿನಲ್ಲಿ ನೊರೆ ಹಿಡಿದು ನಿಲ್ಲಿಸುವ ಪ್ರೋಟೀನು ಉಳಿಯುವುದು ಕಡಿಮೆ.

ಮೂಗು ಮೊದಲು, ನಾಲಿಗೆ ಆಮೇಲೆ

ಗ್ಲಾಸನ್ನು ಬಿಳಿ ಗೋಡೆಯ ಮುಂದೆ ಹಿಡಿದು ಬಣ್ಣ ನೋಡಿ. ಮಾವಿನದು ಅರಿಶಿನದಿಂದ ಕೇಸರಿಯವರೆಗೆ ಇರಬೇಕು. ಕಂದು ತಿರುಗಿದ್ದರೆ ಗಾಳಿ ಹೊಕ್ಕಿದೆ. ಮಬ್ಬಾಗಿರುವುದು ದೋಷವಲ್ಲ, ಗೋಧಿ ಮತ್ತು ತಿರುಳು ಹಾಗೆಯೇ ಇರುತ್ತವೆ.

ಮೂಸುವಾಗ ಉದ್ದ ಉಸಿರೆಳೆಯಬೇಡಿ. ನಾಯಿ ಮೂಸುವಂತೆ ಚಿಕ್ಕ ಚಿಕ್ಕ ಮೂರು ಉಸಿರು, ಆಮೇಲೆ ಗ್ಲಾಸ್ ಕೆಳಗಿಟ್ಟು ಅರ್ಧ ನಿಮಿಷ ಬಿಡುವು. ಮೂಗು ಬಹಳ ಬೇಗ ಮರಗಟ್ಟುತ್ತದೆ. ಎರಡನೆಯ ಸಲ ಗ್ಲಾಸನ್ನು ಒಂದು ಸುತ್ತು ತಿರುಗಿಸಿ ಮೂಸಿ. ಹಣ್ಣಿನ ಯಾವ ಭಾಗದ ವಾಸನೆ ಎಂದು ಕೇಳಿಕೊಳ್ಳಿ: ಸಿಪ್ಪೆಯದೇ, ತಿರುಳಿನದೇ, ತೊಟ್ಟಿನದೇ, ಬೀಜದ್ದೇ? ಬರೀ "ಮಾವು" ಎಂದು ಬರೆದುಕೊಂಡರೆ ನಾಳೆ ಅದು ಉಪಯೋಗಕ್ಕೆ ಬರುವುದಿಲ್ಲ.

ಈಗ ಒಂದು ಕೈಯಿಂದ ಮೂಗನ್ನು ಮುಚ್ಚಿ ಒಂದು ಚಮಚದಷ್ಟು ಗುಟುಕು ತೆಗೆದುಕೊಳ್ಳಿ. ಐದು ಎಣಿಸುವವರೆಗೆ ಬಾಯಲ್ಲೇ ಇರಲಿ. ಈ ಹೊತ್ತಿನಲ್ಲಿ ತಿಳಿಯುವುದು ಹುಳಿ, ಸಿಹಿ, ಉಪ್ಪು, ಒಗರು, ಗ್ಯಾಸಿನ ಚುರುಕು, ಇಷ್ಟೇ. ಹಣ್ಣು ಇರುವುದೇ ಇಲ್ಲ. ನುಂಗಿ, ಮೂಗು ಬಿಟ್ಟು, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಹಣ್ಣು ಒಮ್ಮೆಲೇ ಏಳುತ್ತದೆ. ಈ ಬಿಯರಿನಲ್ಲಿ ಹಣ್ಣು ಇರುವ ಜಾಗ ಅದು. ಸಕ್ಕರೆಯಿಲ್ಲದ ಕಾರಣ ನಾಲಿಗೆಗೆ ಹಣ್ಣಿನ ಸುಳಿವು ಸಿಗುವುದಿಲ್ಲ, ಉಸಿರಿಗೆ ಸಿಗುತ್ತದೆ. ಗುಟುಕರಿಸಿದ ಕೂಡಲೇ ಮಾತಿಗಿಳಿಯುವವರು ಇದನ್ನು ಪೂರ್ತಿ ಕಳೆದುಕೊಳ್ಳುತ್ತಾರೆ.

ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ. ಹುಳಿ ತಾಗಿದೊಡನೆ ಬಾಯಲ್ಲಿ ಜೊಲ್ಲು ಉಕ್ಕುತ್ತದೆ, ಮೂರನೆಯ ಗುಟುಕಿನ ಹೊತ್ತಿಗೆ ಬಾಯಿ ಹೊಂದಿಕೊಂಡು ಹುಳಿಯ ಹಿಂದಿರುವ ಗೋಧಿ, ಬಿಸ್ಕತ್ತಿನಂಥ ಮಾಲ್ಟ್ ಕಾಣತೊಡಗುತ್ತದೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು ಎಂದು ಎಣಿಸಿ. ಹಣ್ಣು ಹೋಗಿ ಹುಳಿ ಮಾತ್ರ ಉಳಿದರೆ ಹಣ್ಣು ಸಾಲದು, ಎರಡೂ ಜೊತೆಯಾಗಿ ಇಳಿದರೆ ಕೈ ಪಳಗಿದವರು ಮಾಡಿದ್ದು.

ನಮ್ಮ ಹಣ್ಣುಗಳು ಬಿಯರಿನಲ್ಲಿ ಏನಾಗುತ್ತವೆ

ಬಾದಾಮಿ, ರಸಪುರಿ ಮಾವುಗಳ ಹೆಗ್ಗಳಿಕೆಯಲ್ಲಿ ಸಿಹಿಯದು ದೊಡ್ಡ ಪಾಲು, ಅದು ಹೋದಾಗ ಘಮ ತೆಳುವಾಗುತ್ತದೆ. ಮಾವಿನ ವಾಸನೆಯಲ್ಲಿ ಸೊನೆಗೆ ಸೇರಿದ ಟರ್ಪೀನ್‌ಗಳಿವೆ, ಸಕ್ಕರೆಯ ಮರೆ ಇಲ್ಲವಾದಾಗ ಅವು ಮುಂದಕ್ಕೆ ಬಂದು ಬಿಯರಿಗೆ ಎಲೆ ಹಿಸುಕಿದಂಥ, ತುಸು ರಾಳದಂಥ ವಾಸನೆ ಕೊಡುತ್ತವೆ. ಇದು ನಿಜವಾದ ಹಣ್ಣಿನ ಗುರುತು. ಚಾಕಲೇಟ್ ಅಂಗಡಿಯ ಮಾವಿನ ಪೆಪ್ಪರ್ಮೆಂಟಿನಂತೆ ಒಂದೇ ಸ್ವರದಲ್ಲಿ ಘಮ್ಮೆಂದರೆ ಎಸೆನ್ಸ್ ಎಂದು ಅನುಮಾನಿಸಿ.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ವಿಚಾರವೇ ಬೇರೆ. ಅದರ ಗಾಢ ಘಮಕ್ಕೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಸಕ್ಕರೆಯಲ್ಲವಾದ್ದರಿಂದ ಈಸ್ಟಿನ ಬಾಯಿಗೆ ಬೀಳದೆ ಉಳಿಯುತ್ತದೆ. ಬುಟ್ಟಿಯ ಮೇಲಿನ ಎಲೆ ಸರಿಸಿದಾಗ ಬರುವ ವಾಸನೆ ಗ್ಲಾಸಿನಲ್ಲೂ ಬರಬೇಕು. ಸಿಪ್ಪೆಯಿಂದ ಸ್ವಲ್ಪ ಒಗರೂ ಇರುತ್ತದೆ.

ನೇರಳೆಗೆ ಹುಳಿ ಬಿಯರ್ ಹೇಳಿ ಮಾಡಿಸಿದ ಮನೆ. ಅದರ ಒಗರು ಬಿಯರಿಗೆ ಮೈಕಟ್ಟು ಕೊಡುತ್ತದೆ, ಬಣ್ಣ ಆಮ್ಲದಲ್ಲಿ ನೇರಳೆಯಿಂದ ಕೆಂಪಿಗೆ ತಿರುಗುತ್ತದೆ. ಕೆನ್ನೆಯ ಒಳಭಾಗ ಹಿಡಿದೆಳೆದಂತಾದರೆ ಅದು ಒಗರು, ಹುಳಿಯಲ್ಲ. ಹುಳಿಗೆ ಜೊಲ್ಲು ಬರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ. ಎರಡನ್ನೂ ಒಂದೆಂದು ಬರೆದುಕೊಳ್ಳುವ ತಪ್ಪು ಬಹಳ ಜನ ಮಾಡುತ್ತಾರೆ.

ಕೆಂಪು, ನೇರಳೆ ಬಣ್ಣದ ಬಿಯರಿಗೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಬಿಳಿ ತಟ್ಟೆಯಲ್ಲಿ ಎರಡು ಚಮಚ ಬಿಯರ್ ಹಾಕಿ, ಚಿಟಿಕೆ ಅಡುಗೆ ಸೋಡ ಉದುರಿಸಿ. ಬುಸ್ಸೆಂದು ನೊರೆ ಎದ್ದು ಇಳಿದ ಮೇಲೆ ನೋಡಿ: ಕೆಂಪು ಕದಡಿ ನೇರಳೆಗೆ, ಇನ್ನಷ್ಟು ಸೋಡ ಹಾಕಿದರೆ ನೀಲಿಗೆ ತಿರುಗಿದರೆ ಬಣ್ಣ ಸಸ್ಯದಿಂದ ಬಂದದ್ದು. ಏನೂ ಆಗದೆ ಕೆಂಪಗೇ ಕೂತರೆ ಅದು ಹೊರಗಿನಿಂದ ಹಾಕಿದ ಕೃತಕ ಬಣ್ಣವಾಗಿರುವ ಸಂಭವವೇ ಹೆಚ್ಚು. ಮಾವಿನ ಹಳದಿ ಬೇರೆ ಜಾತಿಯ ಬಣ್ಣ, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಹಲಸಿನಲ್ಲಿ ಒಂದು ತೊಡಕಿದೆ. ತುಮಕೂರು ಜಿಲ್ಲೆಯ ಸಿದ್ದು ಹಲಸಿನಂಥ ಕೆಂದೊಳೆಯ ತಳಿಗಳ ಬಣ್ಣ ಬಿಯರಿಗೆ ಚಂದ. ಆದರೆ ಹಲಸಿನ ಘಮದಲ್ಲಿ ಬಾಳೆಹಣ್ಣಿನ ವಾಸನೆಯ ಎಸ್ಟರ್ ಇದೆ, ಗೋಧಿ ಬಿಯರಿನ ಕೆಲವು ಈಸ್ಟ್‌ಗಳೂ ಅದನ್ನೇ ಹುಟ್ಟಿಸುತ್ತವೆ. ಬರೀ ಬಾಳೆ ವಾಸನೆ ಬಂದರೆ ಹಲಸು ಇದೆಯೆಂದು ನಂಬಬೇಡಿ. ಉಸಿರು ಬಿಟ್ಟಾಗ ತೊಳೆ ಬಿಡಿಸಿದ ಕೈಯ ಗಾಢ ವಾಸನೆ ಬರಬೇಕು. ಸೀಬೆ ಮಾತ್ರ ಹುದುಗಿದ ಮೇಲೂ ತನ್ನ ಗುರುತು ಬಿಟ್ಟುಕೊಡುವುದಿಲ್ಲ, ಹೊಸಬರು ಅದರಿಂದ ಶುರುಮಾಡುವುದು ಸುಲಭ.

ಕೆಟ್ಟಿದ್ದನ್ನು ಗುರುತಿಸುವುದು

ಹುಳಿ ಬಿಯರ್ ಹೇಗಿದ್ದರೂ ಹುಳಿಯೇ ತಾನೇ ಎಂದು ಕೆಟ್ಟದ್ದನ್ನೂ ಕುಡಿದು ಮುಗಿಸುವವರಿದ್ದಾರೆ. ಅದು ಬೇಡ. ಹಳಸಿದ ತುಪ್ಪ, ಮಗು ಕಕ್ಕಿದ ಹಾಲಿನ ವಾಸನೆ ಬಂದರೆ ಬ್ಯುಟಿರಿಕ್ ಆಮ್ಲ: ರಸ ಬೇಗ ಹುಳಿಯಾಗದೆ ಬೇರೆ ಬ್ಯಾಕ್ಟೀರಿಯಾ ನುಗ್ಗಿದೆ. ಅದನ್ನು ವಾಪಸ್ ಕೊಡಿ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿ ಸಾಲದು. ಬೆಣ್ಣೆ ಬಿಸ್ಕತ್ತಿನ ವಾಸನೆ ಎಂದರೆ ಈಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರನ್ನು ತಣ್ಣಗಾಗಿಸಿರಬಹುದು. ನೆನೆದ ರಟ್ಟಿನ ವಾಸನೆ ಹಳತಾದದ್ದಕ್ಕೆ. ನೇಲ್ ಪಾಲಿಷ್ ರಿಮೂವರ್ ವಾಸನೆ, ಜೊತೆಗೆ ವಿನೆಗರಿನ ಚುಚ್ಚು ಬಂದರೆ ಗಾಳಿ ತಾಗಿ ಅಸಿಟಿಕ್ ಮೇಲುಗೈ ಪಡೆದಿದೆ. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಕೆಂಪು ಬಿಯರಿನಲ್ಲಿ ವಿನೆಗರ್ ಒಂದೆಳೆಯಷ್ಟು ಇರುವುದು ಲಕ್ಷಣ, ಮಾವಿನ ಕೆಟಲ್ ಸವರ್‌ನಲ್ಲಿ ದೋಷ. ಹಾಗೆಯೇ ದನದ ಕೊಟ್ಟಿಗೆ, ಒಣಹುಲ್ಲಿನ ವಾಸನೆ ಲ್ಯಾಂಬಿಕ್‌ಗೆ ಶೋಭೆ, ಬೇರೆಡೆ ಅಲ್ಲ.

ಒಂದು ದೋಷ ಮೂಗಿಗೆ ಮೊದಲು ಸಿಗುವುದೇ ಇಲ್ಲ. ನುಂಗಿದ ಹತ್ತಿಪ್ಪತ್ತು ಸೆಕೆಂಡಿನ ಮೇಲೆ, ಜೊಲ್ಲು ಸೇರಿ ಬಾಯಿಯ ಹುಳಿ ತಗ್ಗಿದಾಗ, ಇಲಿ ಗೂಡಿನ ವಾಸನೆ ಗಂಟಲಲ್ಲಿ ಏಳುತ್ತದೆ. ಹಾಗಾಗಿ ಪ್ರತಿ ಗುಟುಕಿನ ನಂತರ ಅರ್ಧ ನಿಮಿಷ ಕಾಯಿರಿ.

ಜೊತೆಗೆ ಏನು ತಿನ್ನುವುದು

ಎಣ್ಣೆ, ಕೊಬ್ಬು ಇರುವುದಕ್ಕೆ ಈ ಹುಳಿ ಸರಿ ಹೊಂದುತ್ತದೆ: ಕಾಳುಮೆಣಸು ಹಾಕಿದ ನಾಟಿಕೋಳಿ ಫ್ರೈ, ಕರಿದ ಕೆರೆಮೀನು, ಉಪ್ಪು ಹಾಕಿ ಬೇಯಿಸಿದ ಕಡ್ಲೆಕಾಯಿ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿ. ಹಸಿಮೆಣಸಿನ ಖಾರ ಬೇಡ. ಗ್ಯಾಸು, ಹುಳಿ, ಖಾರ ಮೂರೂ ಸೇರಿದರೆ ಬಾಯಿ ಉರಿದು ರುಚಿ ತಿಳಿಯುವುದಿಲ್ಲ. ಉಪ್ಪಿನಕಾಯಿ, ಹುಣಸೆ ಗೊಜ್ಜು ಪಕ್ಕದಲ್ಲಿದ್ದರೆ ಬಿಯರ್ ನೀರೆನಿಸುತ್ತದೆ. ಎರಡು ಮೂರು ಬಿಯರ್ ಸವಿಯುವುದಾದರೆ ಹುಳಿ ಕಡಿಮೆಯಿಂದ ಹೆಚ್ಚಿಗೆ, ಲ್ಯಾಕ್ಟೋಸ್ ಹಾಕಿದ ಸಿಹಿಯದು ಕೊನೆಗೆ. ಒಬ್ಬರಿಗೆ ಒಂದೊಂದರಲ್ಲಿ 100ರಿಂದ 150 ಮಿಲಿ ಸಾಕು, ನಾಲ್ಕಕ್ಕಿಂತ ಹೆಚ್ಚು ಬಗೆ ಬೇಡ.

ಮುಗಿದ ಮೇಲೆ ಬಾಯಿ ಮುಕ್ಕಳಿಸಿ. ಹಲ್ಲು ಉಜ್ಜುವುದನ್ನು ಒಂದು ಗಂಟೆ ಮುಂದೂಡಿ, ಆಮ್ಲ ತಾಗಿದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನು ಸವೆಸುತ್ತದೆ. ತೆರೆದ ಕ್ಯಾನಿನಲ್ಲಿ ಉಳಿದದ್ದು ಮರುದಿನಕ್ಕೆ ಸಪ್ಪೆಯಾಗುತ್ತದೆ.

ಬರೆದಿಡುವಾಗ ತಾರೀಖು, ಹಣ್ಣು, ಗೊತ್ತಿದ್ದರೆ ತಳಿ, ಯಾವ ಲೋಟದ ಹುಳಿ, ಹಣ್ಣಿನ ಯಾವ ಭಾಗ, ನುಂಗಿದ ಮೇಲೆ ಎಷ್ಟು ಎಣಿಸಿದಿರಿ ಎಂಬುದಿಷ್ಟು ಇರಲಿ. ಹಣ್ಣಿನ ಬಿಯರ್ ವರ್ಷದಿಂದ ವರ್ಷಕ್ಕೆ ಒಂದೇ ಆಗಿರುವುದಿಲ್ಲ, ಮಳೆ ಬಿದ್ದ ವರ್ಷದ ಮಾವಿನಲ್ಲಿ ನೀರು ಹೆಚ್ಚು. ಜೂನಿನಲ್ಲಿ ಕುಡಿದದ್ದರ ಪುಟವನ್ನು ಮುಂದಿನ ಜೂನಿನಲ್ಲಿ ಅದೇ ಬಿಯರಿನ ಪಕ್ಕದಲ್ಲಿ ತೆರೆದಿಟ್ಟುಕೊಂಡು ಮೂಸಿ ನೋಡಿ.